ಮಾನಿಟರ್ ಪಕ್ಕದ ಮೊಳೆ

ಸ್ಟುಡಿಯೋದ ಅಣ್ಣ ತೀರಿಕೊಂಡ ಸುದ್ದಿ ನನಗೆ ಮೊಬೈಲಿನ ಗ್ರೂಪಿನಲ್ಲಿ ಬಂತು. ಸುದ್ದಿಯ ಜೊತೆಗೆ ಒಂದು ಫೋಟೋ. ಅದು ಎಷ್ಟು ಕೈ ದಾಟಿ ಬಂದಿತ್ತೋ ಏನೋ, ಮುಖದ ಜಾಗದಲ್ಲಿ ಚೌಕ ಚೌಕ ಕಲೆಗಳು. ಹುಬ್ಬು ಎಲ್ಲಿ ಮುಗಿಯಿತು, ಕನ್ನಡಕ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಕೆಳಗೆ ಯಾರೋ ಎರಡು ಹೂವು, ಒಂದು ದೀಪ ಸೇರಿಸಿದ್ದರು. ಅವು ಮಾತ್ರ ಫಳಫಳ ಹೊಳೆಯುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬರುವುದಕ್ಕಿಂತ ಮೊದಲು ಸಿಟ್ಟು ಬಂತು. ಅವರು ಇದನ್ನು ನೋಡಿದ್ದರೆ ಏನು ಹೇಳುತ್ತಿದ್ದರು ಎಂಬುದು ನನಗೆ ಬಾಯಿಪಾಠ: "ಒಣಮೀನನ್ನ ತಂದು ಮತ್ತೆ ಮೂರು ಸಲ ಬಿಸ್ಲಿಗೆ ಹಾಕಿದ್ದಾರೆ, ತಂಗೀ. ಇನ್ನೆಂತ ಉಳೀತದೆ? ಮುಳ್ಳು."

ನಾನು ಈರುಳ್ಳಿ ಮಾರುವವಳು. ಕುಮಟಾದ ಹತ್ತಿರ ಹೆದ್ದಾರಿ ಪಕ್ಕ ಬೇಸಿಗೆಯಲ್ಲಿ ಬಿದಿರಿನ ಗಳಕ್ಕೆ ಈರುಳ್ಳಿ ಗೊಂಚಲುಗಳನ್ನು ಜಡೆಯ ಹಾಗೆ ಹೆಣೆದು ನೇತುಹಾಕಿರುವುದನ್ನು ನೀವು ನೋಡಿರಬಹುದು. ನೋಡಿ ಕಾರು ನಿಲ್ಲಿಸಿ, ಕೇಳಿದ ಬೆಲೆಯಲ್ಲಿ ಅರ್ಧ ಹೇಳಿ, ಮುಕ್ಕಾಲು ಕೊಟ್ಟು ಹೋಗಿರಲೂಬಹುದು. ಆ ಗಳದ ಹಿಂದೆ ಸ್ಟೂಲ್ ಹಾಕಿಕೊಂಡು ಹದಿನೆಂಟು ವರ್ಷ ಕೂತವಳು ನಾನು. ನಮ್ಮ ಈರುಳ್ಳಿಯ ಹೆಚ್ಚುಗಾರಿಕೆ ಎರಡು. ಸಿಹಿ ಇದೆ, ಅದು ತಿಂದವರಿಗೆ ಗೊತ್ತಾಗುತ್ತದೆ. ಬಣ್ಣ ಇದೆ, ಅದು ತಿನ್ನುವ ಮೊದಲೇ ಗೊತ್ತಾಗುತ್ತದೆ. ಘಟ್ಟದ ಮೇಲಿನ ಈರುಳ್ಳಿಯ ಹಾಗೆ ಗಾಢ ನೇರಳೆಯಲ್ಲ, ತೆಳುಗುಲಾಬಿಗೆ ಒಂದು ಚೂರು ತಾಮ್ರ ಬೆರೆಸಿದ ಹಾಗೆ. ಕರಾವಳಿಯ ಹೆಂಗಸರು ಹತ್ತು ಮಾರು ದೂರದಿಂದಲೇ ಆ ಬಣ್ಣವನ್ನು ಗುರುತಿಸುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಸ್ತೆ ಅಗಲವಾದಾಗ ನನ್ನ ಗಳ ಹೋಯಿತು, ಸ್ಟೂಲ್ ಇಡುವ ಜಾಗವೂ ಹೋಯಿತು. ಗಿರಾಕಿ ನಿಲ್ಲದ ರಸ್ತೆಯ ಪಕ್ಕ ಕೂತು ಪ್ರಯೋಜನವಿಲ್ಲ ಎಂದು ನಾನು ಒಂದು ವೆಬ್‌ಸೈಟ್ ಮಾಡಿಸಿದೆ. ಮಾಡಿಕೊಟ್ಟವನು ದೂರದ ಊರಿನವನು. ಪುಟ ಚಂದವಾಗಿಯೇ ಇತ್ತು. ಆದರೆ ಆರ್ಡರ್ ಮಾತ್ರ ಬರಲಿಲ್ಲ. ಆಗ ಯಾರೋ ಹೇಳಿದರು, ಹೊನ್ನಾವರದಲ್ಲಿ ಬಸ್ ನಿಲ್ದಾಣದ ಹತ್ತಿರ ಒಬ್ಬರು ಸ್ಟುಡಿಯೋದವರಿದ್ದಾರೆ, ವೆಬ್‌ಸೈಟಿಗೆ ಚಿತ್ರ ಸರಿ ಮಾಡಿಕೊಡುವುದೇ ಅವರ ಕೆಲಸ ಎಂದು.

ಹಳೆಯ ಕಟ್ಟಡದ ಮಾಳಿಗೆ. ಮೊದಲು ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದರಂತೆ. ಎಲ್ಲರ ಕೈಗೂ ಕ್ಯಾಮೆರಾ ಬಂದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಇದನ್ನು ಕಲಿತುಕೊಂಡಿದ್ದರು. ಅಪ್ಸರಕೊಂಡದ ಕಡೆಯ ಹೋಮ್‌ಸ್ಟೇ, ಭಟ್ಕಳದ ಮಲ್ಲಿಗೆ ವ್ಯಾಪಾರ, ತೆಂಗಿನಗುಂಡಿಯ ದೋಣಿ, ಎಲ್ಲದರ ಚಿತ್ರವೂ ಅವರ ಕೈಯಲ್ಲೇ ಹಾದು ಹೋಗಬೇಕು. ಎತ್ತರದ ಆಳು, ಬಿಳಿ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಭೂತಗನ್ನಡಿ. ಅವರು ನನ್ನ ಪುಟ ತೆರೆದು ಕೇಳಿದ ಮೊದಲ ಪ್ರಶ್ನೆ:

"ಈ ಒಂದೊಂದು ಫೋಟೋ ಎಷ್ಟು ಭಾರ ಅದೆ ಗೊತ್ತದಾ?"

"ಹನ್ನೆರಡು ಎಂಬಿ" ಎಂದೆ ಹೆಮ್ಮೆಯಿಂದ. "ನಾನೇ ಹೇಳಿ ಹಾಕ್ಸಿದ್ದು. ಅವ ಕಮ್ಮಿ ಭಾರದ್ದು ಹಾಕ್ತೆ ಅಂದ, ನಾ ಬಿಡ್ಲಿಲ್ಲ. ಪಿಎನ್‌ಜಿ ಅಂಬೂ ಬಗೆ ಭಾರ ಇರ್ತದೆ ಅಂದ, ಹಂಗಾರೆ ಅದೇ ಆತು ಅಂದೆ."

"ಎಂತಕೆ?"

"ನೀರುಳ್ಳಿ ಆದ್ರೂ ಅಷ್ಟೇ ಅಲ್ದಾ? ಕೈಲಿ ಹಿಡಿದ್ರೆ ಭಾರ ಇದ್ದದ್ದೇ ಚೊಲೋ ಮಾಲು."

ಅವರು ನಗಲಿಲ್ಲ. ಅಂಗಡಿಗೆ ಬೀಗ ಹಾಕಿ, ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ, ಕುಮಟಾ ಬಸ್ಸು ಹತ್ತಿಸಿ, ತಾವೂ ಹತ್ತಿದರು. ಮೂಲೆ ಒಡೆದ ತಮ್ಮ ಹಳೆಯ ಫೋನನ್ನು ನನ್ನ ಕೈಗೆ ಕೊಟ್ಟು, "ತೆಗಿ ನಿನ್ನ ಅಂಗಡಿ" ಎಂದರು. ತೆರೆದೆ. ಬಸ್ಸು ಹೊರಟಿತು. ಕರ್ಕಿ ಬಂತು, ಈರುಳ್ಳಿ ಬರಲಿಲ್ಲ. ಹಳದಿಪುರದಲ್ಲಿ ಗೊಂಚಲಿನ ತುದಿಯ ಒಣ ಎಲೆ ಕಂಡಿತು. ಧಾರೇಶ್ವರಕ್ಕೆ ಬರುವಾಗ ಅರ್ಧ ಗೊಂಚಲು. ನನ್ನ ಮನೆ ಹತ್ತಿರ ಬಂದಾಗ ಪೂರ್ತಿ ಚಿತ್ರ ಬಂತು.

"ಬಂತಲ್ಲ!" ಎಂದೆ.

"ಬಂತು. ಗಿರಾಕಿ ಕರ್ಕಿಲೇ ಇಳಿದು ಹೋದ, ತಂಗೀ" ಎಂದರು. "ನೀರುಳ್ಳಿ ಭಾರ ಗಿರಾಕಿಗೆ ಲಾಭ. ಚಿತ್ರದ ಭಾರ ಗಿರಾಕಿ ತಲೆ ಮೇಲಿನ ಹೊರೆ. ಅದನ್ನ ಹೊರೂದು ಅವನ ಫೋನು, ಅವನ ಡೇಟಾ." ಇಷ್ಟು ಹೇಳಿ ಎದುರಿನಿಂದ ಬಂದ ಹೊನ್ನಾವರ ಬಸ್ಸು ಹತ್ತಿ ಹೋದರು. ಅವರ ಟಿಕೆಟ್ಟಿನ ದುಡ್ಡು ನಾನು ಕೊಟ್ಟಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಎರಡು ವಾರದಲ್ಲಿ ಅವರು ನನ್ನ ಚಿತ್ರಗಳನ್ನು ಹಗುರ ಮಾಡಿಕೊಟ್ಟರು. ಮತ್ತೆ ಅದೇ ಬಸ್ಸು, ಅದೇ ಫೋನು. ಕಂಡಕ್ಟರ್ ಟಿಕೆಟ್ ಹರಿದು ಕೊಡುವಷ್ಟರಲ್ಲಿ ಪುಟದ ಆರು ಚಿತ್ರದ ಗೊಂಚಲುಗಳೂ ಎದುರಿಗೆ ನೇತಾಡುತ್ತಿದ್ದವು.

ಅವರು ಕಲಿಸಿದ್ದನ್ನು ಇಲ್ಲಿ ಹೇಳುತ್ತೇನೆ. ವ್ಯಾಪಾರ ಮಾಡುವವರು ಕಿವಿಗೆ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತಿದೆ. ಒಂದೇ ಚಿತ್ರವನ್ನು ಅವರು ಮೂರು ಬಗೆಯಲ್ಲಿ ಕಟ್ಟಿಡುತ್ತಿದ್ದರು. ಎವಿಐಎಫ್ ಎಂಬುದು ಎಲ್ಲಕ್ಕಿಂತ ಹಗುರ, ಆದರೆ ಮಾಡಲು ಹೊತ್ತು ಹಿಡಿಯುತ್ತದೆ, ಹಳೇ ಫೋನುಗಳಿಗೆ ತೆರೆಯಲು ಬರುವುದಿಲ್ಲ. ವೆಬ್‌ಪಿ ಅದಕ್ಕಿಂತ ಸ್ವಲ್ಪ ಭಾರ, ಹೆಚ್ಚುಕಡಿಮೆ ಎಲ್ಲ ಫೋನುಗಳಿಗೂ ಆಗುತ್ತದೆ. ಜೆಪೆಗ್ ಹಳೆಯದು, ಇನ್ನೂ ಭಾರ, ಆದರೆ ಅದನ್ನು ತೆರೆಯದ ಫೋನೇ ಇಲ್ಲ. ಮೂರನ್ನೂ ಪುಟದಲ್ಲಿ ಸಾಲಾಗಿ ಇಟ್ಟರೆ ಫೋನು ತನಗೆ ಆಗುವ ಮೊದಲನೆಯದನ್ನು ತಾನೇ ಆರಿಸಿಕೊಳ್ಳುತ್ತದೆ. "ಮೂರು ಬಾಗ್ಲು ಇಡು. ಯಾರೂ ಹೊರಗೆ ನಿಲ್ಬಾರ್ದು" ಎನ್ನುತ್ತಿದ್ದರು.

ನನ್ನ ಅಂಗಡಿಯ ಗುರುತಿನ ಚಿತ್ರ, ಒಂದು ಈರುಳ್ಳಿಯ ಗೆರೆಚಿತ್ರ, ಅದಕ್ಕೆ ಮಾತ್ರ ಈ ಮೂರೂ ಬೇಡ, ಎಸ್‌ವಿಜಿ ಸಾಕು ಎಂದರು. ಅದೆಂಥದ್ದು ಎಂದು ಕೇಳಿದ್ದಕ್ಕೆ, "ರಂಗೋಲಿ ಹೊತ್ಕಂಡು ಹೋಗೂಕೆ ಆಗ್ತದಾ? ಚುಕ್ಕಿ ಲೆಕ್ಕ ಹೇಳಿ ಕಳ್ಸಿದ್ರೆ ಅವ್ರ ಅಂಗಳದಲ್ಲಿ ಅವ್ರೇ ಬಿಡಿಸ್ಕಂತಾರೆ. ಅಂಗಳ ದೊಡ್ಡ ಇದ್ರೆ ದೊಡ್ಡದು, ಸಣ್ಣ ಇದ್ರೆ ಸಣ್ಣದು" ಎಂದರು. ಚಿತ್ರ ಬರುವ ಮೊದಲೇ ಪುಟದಲ್ಲಿ ಅದರ ಉದ್ದ ಅಗಲ ಬರೆದಿಡಬೇಕೆಂದೂ ಹೇಳುತ್ತಿದ್ದರು. ಇಲ್ಲದಿದ್ದರೆ ಓದುತ್ತಿದ್ದ ಅಕ್ಷರ ಹಠಾತ್ತನೆ ಕೆಳಗೆ ಜಾರುತ್ತದೆ. "ಬಸ್ಸಿನ ಕಿಟಕಿಲಿ ಟವೆಲ್ ಹಾಕೂದಿಲ್ವಾ ನೀನು? ಹಂಗೇ."

ಎಲ್ಲಕ್ಕಿಂತ ದೊಡ್ಡ ಹಠ ಒಂದಿತ್ತು. ಮೆಸೇಜಿನಲ್ಲಿ ಕಳಿಸಿದ ಫೋಟೋವನ್ನು ಅವರು ಮುಟ್ಟುತ್ತಿರಲಿಲ್ಲ. ತೆಗೆದ ಫೋಟೋ ಹಸಿಮೀನು, ಒಮ್ಮೆ ಹಗುರ ಮಾಡಿದ್ದು ಒಣಮೀನು ಎಂಬುದು ಅವರ ಲೆಕ್ಕ. "ಒಣಗಿದ್ದನ್ನ ನೀರಲ್ಲಿ ಹಾಕಿದ್ರೆ ಹಸಿಮೀನು ಆಗ್ತದಾ? ಒಣಗ್ಸೂದು ಒಂದೇ ಸಲ. ಹಸೀದು ನನ್ನ ಹತ್ರ ಇರ್ಬೇಕು." ಹಾಗಾಗಿ ಭಟ್ಕಳದವರಿರಲಿ ಕುಮಟಾದವರಿರಲಿ, ಮೆಮೊರಿ ಕಾರ್ಡನ್ನು ಹಿಡಿದುಕೊಂಡು ಬಸ್ಸಿನಲ್ಲಿ ಬರಲೇಬೇಕು. ಆ ಮೂಲ ಚಿತ್ರಗಳನ್ನೆಲ್ಲ ಅವರು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ಪ್ರತಿಯೊಬ್ಬರ ಹೆಸರು ಬರೆದ ಕಾರ್ಡುಗಳಲ್ಲಿ ಇಟ್ಟಿದ್ದರು.

ಒಮ್ಮೆ ನಾನು ಅವರ ಹತ್ತಿರ ಚೌಕಾಸಿಗೆ ನಿಂತೆ. ಅವರು ಶಾಂತವಾಗಿ ಕೇಳಿದರು, "ಗಿರಾಕಿ ಚೌಕಾಸಿ ಮಾಡಿದ್ರೆ ನೀ ಎಂತ ಮಾಡ್ತೆ?"

"ಎರಡು ಸಣ್ಣ ಗಡ್ಡೆ ಜಡೆ ನಡುವೆ ಸೇರಿಸಿ ಕೊಡ್ತೆ."

"ನಾನೂ ಹಂಗೇ ಮಾಡ್ಲಾ?"

ಆಮೇಲೆ ನಾನು ಅವರ ಹತ್ತಿರ ಚೌಕಾಸಿ ಮಾಡಿದ್ದು ಒಂದೇ ಸಲ. ಅದನ್ನೇ ಹೇಳಲು ಹೊರಟಿದ್ದೇನೆ.

ಅವರ ಮಾನಿಟರ್ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಇತ್ತು. ಯಾವ ಮಾಲಿನ ಚಿತ್ರ ಮಾಡುತ್ತಾರೋ ಆ ಮಾಲು ಆ ಮೊಳೆಯಲ್ಲಿ ನೇತಾಡಬೇಕು. ಮಲ್ಲಿಗೆ ದಂಡೆ, ಬಲೆಯ ತುಂಡು, ನನ್ನ ಈರುಳ್ಳಿ ಗೊಂಚಲು. ಕ್ಯಾಮೆರಾ ಬಣ್ಣವನ್ನು ಒಂದು ಚೂರು ತಪ್ಪಿಸುತ್ತದೆ, ಅದನ್ನು ತಿದ್ದಬೇಕು. ತಿದ್ದುವಾಗ ಎದುರಿಗೆ ಮಾಲು ಬೇಕು. "ಬಣ್ಣ ನೆನಪಲ್ಲಿ ಇಟ್ಕಂಬೂದಲ್ಲ, ಎದುರಿಗೆ ಇಟ್ಕಂಬೂದು" ಎಂಬ ಮಾತನ್ನು ನಾನು ನಾಲ್ಕು ವರ್ಷ ಕೇಳಿದ್ದೇನೆ.

ಐದನೇ ವರ್ಷ ಕಾರ್ಡು ಮತ್ತು ಗೊಂಚಲು ತರುತ್ತೇನೆಂದು ಫೋನ್ ಮಾಡಿದಾಗ ಅವರು, "ಗೊಂಚಲು ಬೇಡ. ನಿನ್ನ ನೀರುಳ್ಳಿ ಬಣ್ಣ ನನಗೆ ಗೊತ್ತಿಲ್ದೆ ಇದ್ದದ್ದಾ? ಕಾರ್ಡ್ ಒಂದು ಸಾಕು" ಎಂದರು. ನನಗೂ ಒಂದು ಹೊರೆ ಕಡಿಮೆಯಾಯಿತು ಎನಿಸಿತು. ಬುದ್ಧಿ ಹೇಳುವವಳು ಹೇಳುತ್ತೇನೆ ಕೇಳಿ: ಪದ್ಧತಿ ಇಟ್ಟವನೇ ಪದ್ಧತಿ ಬಿಟ್ಟ ದಿನ ಯಾಕೆ ಎಂದು ಕೇಳಬೇಕು. ನಾನು ಕೇಳಲಿಲ್ಲ.

ಆ ವರ್ಷ ನನ್ನ ಮನೆಯ ಬೆಳೆ ಮಾತ್ರವಲ್ಲ, ನನ್ನ ನಾದಿನಿಯ ಬೆಳೆಯೂ ನನ್ನ ಜಗಲಿಯಲ್ಲಿತ್ತು. ಸಗಟು ವ್ಯಾಪಾರಿಯೊಬ್ಬ ಅವಳ ಹೊಲಕ್ಕೇ ಬಂದು ಎಲ್ಲವನ್ನೂ ಒಟ್ಟಿಗೆ ಎತ್ತುತ್ತೇನೆ ಎಂದಾಗ, ಕೊಡಬೇಡ, ನನ್ನ ಪುಟದಲ್ಲಿ ಮಾರಿಕೊಡುತ್ತೇನೆ ಎಂದು ತಡೆದವಳು ನಾನು. ಎರಡು ಮನೆಯ ಗೊಂಚಲು, ಮಾಡಿನ ಕೆಳಗೆ ಸಾಲುಸಾಲಾಗಿ ನೇತಾಡುತ್ತಿದ್ದವು. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಸಮುದ್ರದ ಕಡೆಯಿಂದ ಗಾಳಿ ತಿರುಗಿತ್ತು. ಮಳೆ ಹಿಡಿದರೆ ತೇವ ಗಡ್ಡೆಯ ಕುತ್ತಿಗೆಗೆ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಕೊಳೆತ ಒಂದು ಗಡ್ಡೆ ಇಡೀ ಜಡೆಯನ್ನು ತಿನ್ನುತ್ತದೆ.

ಹೊಸ ಚಿತ್ರ ಹಾಕಿ ಒಂಬತ್ತು ದಿನವಾಗಿತ್ತು. ಪುಟ ತೆರೆಯುವವರು ತೆರೆಯುತ್ತಿದ್ದರು, ಕೊಳ್ಳುವವರಿಲ್ಲ. ನಾನು ದಿನಕ್ಕೆ ಇಪ್ಪತ್ತು ಸಲ ಫೋನ್ ನೋಡುತ್ತಿದ್ದೆ, ಮೂವತ್ತು ಸಲ ಆಕಾಶ ನೋಡುತ್ತಿದ್ದೆ. ನಾದಿನಿ ಬಂದು ಗಳದ ಕೆಳಗೆ ನಿಂತು ಒಂದೊಂದೇ ಗೊಂಚಲನ್ನು ಮುಟ್ಟಿ ನೋಡಿದಳು.

"ಅತ್ತಿಗೇ, ನಿಮ್ಮ ಮಾತು ಕೇಳಿ ಅವ್ನಿಗೆ ಇಲ್ಲ ಅಂದೆ. ಈಗ ಎಂತ, ನೀರುಳ್ಳಿಗೆ ಕೊಡೆ ಹಿಡೂದಾ?"

"ಇನ್ನೆರಡು ದಿನ ನೋಡು ಮಾರಾಯ್ತಿ."

"ಅವ ನಾಡಿದ್ದು ಮತ್ತೆ ಬರ್ತ. ಮೊದ್ಲು ಹೇಳಿದ ದರ ಇಲ್ಲ ಅಂದ. ಮಳೆ ಬಿದ್ರೆ ಆ ದರಕ್ಕೂ ಇಲ್ಲ ಅಂದ." ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದೆ.

ಅಂದು ಸಂಜೆ ಭಟ್ಕಳದಿಂದ ನನ್ನ ಹಳೆಯ ಗಿರಾಕಿ ಬೇಗಂ ಫೋನ್ ಮಾಡಿದರು. ಪ್ರತಿ ವರ್ಷ ಹತ್ತು ಗೊಂಚಲು ಕೊಳ್ಳುವವರು. "ಅಕ್ಕಾ, ನೀವು ಸಹ ಘಟ್ಟದ ಮೇಲಿನ ಮಾಲು ತರಿಸಿ ಮಾರ್ತೀರಾ ಈಗ? ಹೇಳಿದ್ರೆ ಬೇಜಾರ್ ಮಾಡ್ಕೋಬೇಡಿ. ಫೋಟೋದಲ್ಲಿ ಗೊತ್ತಾಗ್ತದೆ."

ಜಗಲಿಗೆ ಹೋಗಿ ಫೋನನ್ನು ಗೊಂಚಲಿನ ಪಕ್ಕ ಹಿಡಿದೆ. ನನ್ನ ಕೈಯಲ್ಲಿದ್ದದ್ದು ತಾಮ್ರ, ಫೋನಿನಲ್ಲಿದ್ದದ್ದು ನೇರಳೆ. ದಿನವೂ ಪುಟ ನೋಡುತ್ತಿದ್ದೆ. ಆರ್ಡರ್ ಬಂತೇ ಎಂದು ನೋಡಿದೆನೇ ಹೊರತು ಈರುಳ್ಳಿಯನ್ನು ನೋಡಿರಲಿಲ್ಲ.

ಮೊದಲು ಎವಿಐಎಫ್ ಮೇಲೆ ಅನುಮಾನ ಬಂತು, ಹೊಸದಲ್ಲವೇ ಎಂದು. ನಾದಿನಿಯ ಹಳೇ ಫೋನಿನಲ್ಲಿ ತೆರೆದೆ, ಅದಕ್ಕೆ ಜೆಪೆಗ್ ಮಾತ್ರ ಬರುವುದು. ಅಲ್ಲೂ ನೇರಳೆ. ಮೊದಲ ಬಾಗಿಲು, ಕೊನೆಯ ಬಾಗಿಲು ಎರಡರಲ್ಲೂ ಒಂದೇ ಬಣ್ಣ ಎಂದರೆ ತಪ್ಪು ಬಾಗಿಲಿನದ್ದಲ್ಲ. ಕಾರ್ಡಿನಲ್ಲಿದ್ದ ಮೂಲ ಫೋಟೋದ ಒಂದು ಪ್ರತಿ ನನ್ನ ಫೋನಿನಲ್ಲಿತ್ತು. ಅದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಹಾಗಾದರೆ ಕೆಟ್ಟದ್ದು ನಡುವೆ. ನಡುವೆ ಇದ್ದದ್ದು ಒಬ್ಬರೇ.

ಮೂವತ್ತು ವರ್ಷ ಬಣ್ಣ ತಿದ್ದಿದವರ ಎದುರು ನಿಂತು ನಿಮಗೆ ಬಣ್ಣ ಕಾಣುತ್ತಿಲ್ಲ ಎಂದು ಹೇಗೆ ಹೇಳುವುದು? ನಾನು ಎಂಥೆಂಥವರ ಹತ್ತಿರ ಮಾತಿನಲ್ಲಿ ಗೆದ್ದವಳು. ಮರುದಿನ ಬಸ್ಸಿನಲ್ಲಿ ಹೊನ್ನಾವರದವರೆಗೆ ಒಂದು ವಾಕ್ಯ ಹೊಂದಿಸಲು ನನ್ನಿಂದ ಆಗಲಿಲ್ಲ. ತೊಡೆಯ ಮೇಲೆ ಒಂದು ದೊಡ್ಡ ಗೊಂಚಲು ಇಟ್ಟುಕೊಂಡು ಕೂತಿದ್ದೆ. ಕಿಟಕಿಯಾಚೆ ಪಶ್ಚಿಮ ಕಪ್ಪಾಗಿತ್ತು.

"ಎಂತ ತಂಗೀ, ಹೇಳ್ದೆ ಕೇಳ್ದೆ?" ಎಂದರು. ಬೇರೆ ಯಾರದೋ ಚಿತ್ರದ ಕೆಲಸದಲ್ಲಿದ್ದರು. ಮೂಗು ಪರದೆಗೆ ತಾಗುವಷ್ಟು ಹತ್ತಿರ.

"ಪೇಟೆಗೆ ಬಂದಿದ್ದೆ." ನಾನು ಗೊಂಚಲನ್ನು ಆ ಖಾಲಿ ಮೊಳೆಗೆ ನೇತುಹಾಕಿದೆ.

"ತರಬೇಡ ಅಂದಿದ್ನಲ್ಲ."

"ಭಾರ ಆತು ಅಣ್ಣಾ. ಇಲ್ಲೇ ಇಟ್ಟು ಹೋಗ್ತೆ."

"ನೀ ಭಾರ ಆತು ಅಂದದ್ದು ಇದೇ ಮೊದ್ಲು" ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗು ನಿಂತಿತು. ನನ್ನ ಪುಟ ತೆರೆದರು. ಪರದೆ ನೋಡಿದರು, ಮೊಳೆ ನೋಡಿದರು. ಮತ್ತೆ ಪರದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎಡಗಣ್ಣಿಗೆ ಅಂಗೈ ಮುಚ್ಚಿ ಗೊಂಚಲು ನೋಡಿದರು. ಆಮೇಲೆ ಬಲಗಣ್ಣಿಗೆ ಮುಚ್ಚಿ ನೋಡಿದರು. ನನಗೆ ಓಡಿಹೋಗೋಣ ಎನಿಸಿತು.

"ಎಡಗಣ್ಣಲ್ಲಿ ನಿನ್ನ ನೀರುಳ್ಳಿ ಚಾ ಬಣ್ಣ" ಎಂದರು ಕೊನೆಗೆ. "ಬಲಗಣ್ಣಲ್ಲಿ ಹಾಲು ಸ್ವಲ್ಪ ಹೆಚ್ಚು. ಎಲ್ಲಾ ಹಳದಿ ಕಾಣ್ತದೆ ಅಂತ ನಾನು ಹಳದಿ ತೆಗೀತಾ ಹೋಗಿದ್ದೆ. ಹಳದಿ ಇದ್ದದ್ದು ಚಿತ್ರದಲ್ಲಲ್ಲ." ಕಣ್ಣಿನ ಮೇಲಿನ ಕೈ ಇಳಿಸಿ, "ಡಾಕ್ಟ್ರು ಪೊರೆ ಅದೆ ಅಂದು ಒಂದು ವರ್ಷ ಆತು. ತೆಗೆಸೂಕೆ ನಾ ಹೋಗ್ಲಿಲ್ಲ. ಗೊಂಚಲು ಎದುರಿಗಿದ್ರೆ ಗೊತ್ತಾಗಿಬಿಡ್ತದೆ ಅಂತ ಹೆದ್ರಿಕೆ ಆತು."

ನಾನು ಏನೋ ಸಮಾಧಾನ ಹೇಳಹೊರಟೆ. ಅವರು ತಡೆದರು. "ಎಷ್ಟು ದಿನ ಆತು ಇದು ಜನ ನೋಡೂಕೆ ಹತ್ತಿ?"

"ಹತ್ತು."

"ಮಳೆಗೆ?"

"ಎರಡು ದಿನ ಇದ್ರೆ ಪುಣ್ಯ. ನಾಳೆ ನಾದ್ನಿ ಹತ್ರ ವ್ಯಾಪಾರಿ ಬರ್ತ."

ಅವರು ಡಬ್ಬಿ ತೆರೆದು ನನ್ನ ಕಾರ್ಡು ಹುಡುಕಿ ಹಾಕಿದರು. ಕುರ್ಚಿಯಿಂದ ಎದ್ದು ಪಕ್ಕದ ಸ್ಟೂಲಿನಲ್ಲಿ ಕೂತು, ಕುರ್ಚಿ ನನಗೆ ಕೊಟ್ಟರು. "ಕೈ ನಂದು, ಕಣ್ಣು ನಿಂದು. ಮಾಡು ನಿನ್ನ ಚೌಕಾಸಿ."

ಹಾಗೆ ಶುರುವಾಯಿತು. ಅವರು ಬಣ್ಣದ ಗುಂಡಿ ಸರಿಸುವುದು, ನಾನು ಮೊಳೆ ನೋಡಿ ಪರದೆ ನೋಡಿ ಹೇಳುವುದು. "ಸ್ವಲ್ಪ ಇಳ್ಸಿ. ಇನ್ನೂ. ಅಷ್ಟಲ್ಲ, ಏರ್ಸಿ. ಅರ್ಧ ಬಿಡಿ. ಹಾಂ, ಇನ್ನೊಂದು ಚೂರು ಕೊಟ್ರೆ ಆತು." ಮೀನುಪೇಟೆಯಲ್ಲಿ ಕಲಿತ ವಿದ್ಯೆ ಅದು. ಎಲ್ಲಿ ನಿಲ್ಲಬೇಕೆಂದು ಗೊತ್ತಿರುವುದೇ ಚೌಕಾಸಿ. ಆರು ಚಿತ್ರದ ಬಣ್ಣ ಹೊಂದುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಗುರ ಮಾಡುವ ಕೆಲಸಕ್ಕೆ ಕೈಯಿಟ್ಟರು, ಅಷ್ಟರಲ್ಲಿ ದೂರದಲ್ಲಿ ಗುಡುಗಿ ಕರೆಂಟು ಹೋಯಿತು.

ಯುಪಿಎಸ್ ಕೂಗತೊಡಗಿತು. "ಇಪ್ಪತ್ತು ನಿಮಿಷ ಬರ್ತದೆ" ಎಂದರು. ಅವರ ಹಳೇ ಯಂತ್ರದಲ್ಲಿ ಒಂದು ಎವಿಐಎಫ್ ಮಾಡಲು ನಿಮಿಷಗಟ್ಟಲೆ ಬೇಕು, ಆರು ಚಿತ್ರ, ಒಂದೊಂದೂ ದೊಡ್ಡ ಪರದೆಗೆ ಬೇರೆ ಸಣ್ಣ ಪರದೆಗೆ ಬೇರೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಮೂರು ಬಾಗಿಲಿಗಿಂತ ಕಡಿಮೆ ಇಟ್ಟವರಲ್ಲ. ಅವರ ಬೆರಳು ಕೀಲಿಗಳ ಮೇಲೆ ನಿಂತೇ ಇತ್ತು. ಯುಪಿಎಸ್ ಕೂಗುತ್ತಿತ್ತು.

"ಅಣ್ಣಾ, ಮೊದ್ಲು ಎಲ್ರೂ ನುಗ್ಗೂ ಬಾಗ್ಲು ತೆಗೀರಿ" ಎಂದೆ. "ಚಂದದ ಬಾಗ್ಲು ನಾಳೆ ತೆಗಿಯೂಕೆ ಆಗ್ತದೆ."

"ಹಂಗಾರೆ ಎವಿಐಎಫ್ ಬೇಡ. ಹಳೇದನ್ನೂ ಪುಟದಿಂದ ತೆಗಿಬೇಕು, ಇಲ್ದಿದ್ರೆ ಹೊಸ ಫೋನೆಲ್ಲ ಆ ನೇರಳೇನೇ ಆರ್ಸ್ಕಂತದೆ" ಎಂದು ತಮಗೆ ತಾವೇ ಹೇಳಿಕೊಂಡು, ವೆಬ್‌ಪಿ ಮತ್ತು ಜೆಪೆಗ್ ಮಾತ್ರ ಮಾಡಿದರು. ಸೊಗಸು ಒಂದು ಚೂರು ಹೋದರೂ ಇರಲಿ ಎಂದು ಇನ್ನಷ್ಟು ಹಗುರ ಮಾಡಿದರು. ನನ್ನ ಫೋನಿನ ಇಂಟರ್ನೆಟ್ ಜೋಡಿಸಿ ಪುಟಕ್ಕೆ ಏರಿಸಿದರು. ನಾನು ಭಟ್ಕಳಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಬೇಗಂ, ಈಗ ತೆಗೆದು ನೋಡಿ."

"ತೆಗ್ದೆ ಅಕ್ಕಾ. ಅದೇ ಇದೆಯಲ್ಲ, ನೇರಳೆ."

ಪಕ್ಕದಲ್ಲಿ ಅಣ್ಣ ಹಣೆ ಬಡಿದುಕೊಂಡರು. "ಹೆಸ್ರು! ಹಳೇ ಹೆಸ್ರಲ್ಲೇ ಇಟ್ಟೆ. ಒಮ್ಮೆ ನೋಡಿದ ಚಿತ್ರಾನ ಫೋನು ತನ್ನ ಹೊಟ್ಟೇಲಿ ಇಟ್ಕಂಡಿರ್ತದೆ. ಅದೇ ಹೆಸ್ರು ಕೇಳಿದ್ರೆ ಹಳೇದನ್ನೇ ತೆಗ್ದು ತೋರ್ಸ್ತದೆ." ಇಪ್ಪತ್ತನಾಲ್ಕೂ ಹೆಸರಿನ ಕೊನೆಗೆ ಒಂದೊಂದು ಅಕ್ಷರ ಸೇರಿಸಿದರು, ಪುಟದಲ್ಲೂ ತಿದ್ದಿದರು. ಅಕ್ಷರ ಸರಿಯಾಗಿ ಬಿತ್ತೇ ಎಂದು ಒಂದೊಂದನ್ನೂ ನಾನು ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಯುಪಿಎಸ್ಸಿನ ಕೂಗು ಬಿಡುವಿಲ್ಲದಂತಾಗಿತ್ತು. ಕೊನೆಯ ಹೆಸರು ಹೋಯಿತು, ಪರದೆ ಕಪ್ಪಾಯಿತು.

ಫೋನಿನ ಆ ಕಡೆ ಬೇಗಂ ಇನ್ನೂ ಇದ್ದರು. "ನಿಲ್ಲಿ ಅಕ್ಕಾ... ಬಂತು. ಅರೇ, ಇದು ನಮ್ದೇ! ಹಾಗಾರೆ ಅದು ಯಾರದ್ದಾಗಿತ್ತು? ಹತ್ತು ಇಡಿ. ಇಲ್ಲ, ಹದಿನೈದಿಡಿ. ನಮ್ಮ ಹೆಂಗಸರ ಗ್ರೂಪಿಗೆ ಫೋಟೋ ಹಾಕ್ತೇನೆ."

"ಫೋಟೋ ಬೇಡ ಅನ್ನು! ಪುಟದ ಲಿಂಕ್ ಹಾಕೂಕೆ ಹೇಳು!" ಎಂದು ಅವರು ಪಕ್ಕದಿಂದ ಕೂಗಿದರು.

ಕಿಟಕಿಯಿಂದ ಮೋಡದ ಬೆಳಕು ಬರುತ್ತಿತ್ತು. ಅವರು ಮೊಳೆಯಿಂದ ಗೊಂಚಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ನಿನ್ನ ಫೋನಲ್ಲಿ ನಂದೊಂದು ಫೋಟೋ ತೆಗಿ. ಗೊಂಚಲು ಕಾಣ್ಬೇಕು. ಕಣ್ಣು ಸರಿ ಆದ್ಮೇಲೆ ನೋಡ್ತೆ, ಇವತ್ತು ಬಣ್ಣ ಹೆಂಗಿತ್ತು ಅಂತ." ತೆಗೆಯುವಾಗ ಅವರು ಮತ್ತೆ ಎಡಗಣ್ಣಿಗೆ ಅಂಗೈ ಮುಚ್ಚಿ ಗೊಂಚಲನ್ನು ನೋಡುತ್ತಿದ್ದರು. "ಯಾರಿಗೂ ಕಳಿಸ್ಬೇಡ. ಹಸೀದಾಗೇ ಇರ್ಲಿ" ಎಂದರು.

ಆ ರಾತ್ರಿ ಆರ್ಡರುಗಳು ಒಂದರ ಮೇಲೊಂದು ಬಂದವು. ವ್ಯಾಪಾರಿ ಮರುದಿನ ಬಂದಾಗ ನಾದಿನಿ ಪಾರ್ಸೆಲ್ ಕಟ್ಟುತ್ತಿದ್ದಳು. "ದರ ಎಂತ ಮಾಡ್ದೆ?" ಎಂದು ಅವ ಕೇಳಿದ. "ಮಾಲೇ ಇಲ್ಲ, ದರ ಎಂತಕೆ? ಚಾ ಕುಡ್ದು ಹೋಗು" ಎಂದಳು. ಅದರ ಮರುದಿನ ಮಳೆ ಹಿಡಿಯಿತು. ಏಳು ಗೊಂಚಲು ಉಳಿದವು, ಒಲೆಯ ಮೇಲೆ ಕಟ್ಟಿ ನಾವೇ ತಿಂದೆವು.

ಅವರು ಆ ಮಳೆಗಾಲದಲ್ಲೇ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡರು. ನೋಡಲು ಹೋದಾಗ, "ಈ ಸೀರೆ ನೀಲಿಯಾ? ನಾ ಹಸ್ರು ಅಂತ ಮಾಡಿದ್ದೆ" ಎಂದರು. ಆಮೇಲೆ ಒಂದು ತಿಂಗಳು ಕೂತು, ಆ ವರ್ಷ ಚಿತ್ರ ಮಾಡಿಸಿಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದರು. "ನಿಮ್ಮ ಬಣ್ಣ ತಪ್ಪಿದೆ. ತಪ್ಪು ನಂದು. ಹಸೀದು ನನ್ನ ಹತ್ರ ಅದೆ, ಮತ್ತೆ ಮಾಡ್ತೆ." ಕೆಲವರಿಗೆ ತಪ್ಪಿದ್ದೇ ಗೊತ್ತಿರಲಿಲ್ಲ. ಹೇಳದಿದ್ದರೆ ನಡೆಯುತ್ತಿತ್ತಲ್ಲ ಎಂದು ನಾನು ವ್ಯಾಪಾರದ ಬುದ್ಧಿ ಹೇಳಿದೆ. ಅವರು ಮೊಳೆಯ ಕಡೆ ಕೈ ತೋರಿಸಿದರು. ಆಮೇಲೆ ಆ ಮೊಳೆ ಖಾಲಿ ಇದ್ದದ್ದನ್ನು ನಾನು ನೋಡಲಿಲ್ಲ.

ಅವರು ಹೋದಾಗ ಮನೆಯಲ್ಲಿ ಗೋಡೆಗೆ ಹಾಕಲು ಅವರ ಒಂದು ಒಳ್ಳೆಯ ಫೋಟೋ ಇರಲಿಲ್ಲ. ಸಾವಿರಾರು ಜನರ ಫೋಟೋ ತೆಗೆದವರ ಫೋಟೋ ಯಾರೂ ನೆಟ್ಟಗೆ ತೆಗೆದಿರಲಿಲ್ಲ. ಅವರ ಹೆಂಡತಿ ನನಗೆ ಫೋನ್ ಮಾಡಿ, "ನಿನ್ನ ಹತ್ರ ಒಂದು ಅದೆ ಅಂತಿದ್ರು. ಕಳ್ಸ್ತ್ಯಾ?" ಎಂದು ಕೇಳಿದರು.

"ಕಳ್ಸೂದಿಲ್ಲ ಅಕ್ಕಾ, ತರ್ತೆ" ಎಂದೆ.

ಮೆಮೊರಿ ಕಾರ್ಡು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ. ಹೊಸ ಬೆಳೆ ಬಂದಿತ್ತು, ಒಂದು ಗೊಂಚಲನ್ನೂ ಹಿಡಿದುಕೊಂಡೆ. ಅವರ ಹೆಂಡತಿಯನ್ನು ಕರೆದುಕೊಂಡು ಫೋಟೋ ಮುದ್ರಿಸುವ ಅಂಗಡಿಗೆ ಹೋದೆ. ಅಂಗಡಿಯವನು ಮೊದಲ ಪ್ರತಿ ತೆಗೆದು ತೋರಿಸಿದ. ಅವರ ಹೆಂಡತಿ ಬಹಳ ಹೊತ್ತು ನೋಡಿ, "ಇಷ್ಟು ಕೆಂಪಿದ್ರಾ ಅವ್ರು?" ಎಂದರು. ಅಂಗಡಿಯವನು ತಿದ್ದಿದ. "ಈಗ ಬಿಳಚಿಕಂಡಂಗೆ ಕಾಣ್ತದೆ." ಮತ್ತೆ ತಿದ್ದಿದ. ಅವರಿಗೆ ಅಳು ಬಂತು. "ನಲವತ್ತು ವರ್ಷ ನೋಡಿದ ಮುಖ ಮಾರಾಯ್ತಿ, ಬಣ್ಣ ನೆನಪಿಲ್ಲ ನನಗೆ."

"ಮುಖ ನೋಡ್ಬೇಡಿ ಅಕ್ಕಾ" ಎಂದೆ. ಚಿತ್ರದಲ್ಲಿ ಅವರ ಮಡಿಲಲ್ಲಿದ್ದ ಗೊಂಚಲಿನ ಪಕ್ಕ ನನ್ನ ಕೈಯಲ್ಲಿದ್ದ ಗೊಂಚಲು ಹಿಡಿದೆ. "ಸ್ವಲ್ಪ ಇಳ್ಸು ತಮ್ಮಾ. ಇನ್ನೂ. ಅಷ್ಟಲ್ಲ. ಒಂದು ಚೂರು ಏರ್ಸು. ಹಾಂ."

ಈರು‌ಳ್ಳಿಗೆ ಈರುಳ್ಳಿ ಹೊಂದಿತು. ಅವರ ಹೆಂಡತಿ ತಲೆಯೆತ್ತಿ ನೋಡಿ, ಸೆರಗು ಸರಿಮಾಡಿಕೊಂಡು, "ಹಾಂ, ಇವ್ರೇ" ಎಂದರು.